ಬೈರಮಂಗಲ ರಸ್ತೆ ರೇಸ್ ಟ್ರ್ಯಾಕ್ ಅಲ್ಲ ಸ್ವಾಮಿ!

ವೀಕ್ಷಕರೇ, ಭಾನುವಾರ ಬೆಳಗ್ಗೆ ಆರು ಗಂಟೆಗೆ ಬಿಡದಿಯಲ್ಲಿ ನಿಂತು ನೋಡಿ. ಬೆಂಗಳೂರು ಕಡೆಯಿಂದ ನೆಲಕ್ಕೆ ಅಂಟಿಕೊಂಡಂತೆ ಓಡೋ ಕಾರುಗಳು ಸಾಲಾಗಿ ಬರುತ್ತವೆ. ಕೆಂಪು, ಹಳದಿ, ನೀಲಿ. ಶಬ್ದ ಮೊದಲು ಬರುತ್ತೆ, ಕಾರು ಆಮೇಲೆ. ಗುರಿ ಏನು? ತಟ್ಟೆ ಇಡ್ಲಿ. ಅದೇ ಹೊತ್ತಿಗೆ ಬೈರಮಂಗಲದ ಕಡೆಯಿಂದ ಇನ್ನೊಂದು ಸಾಲು ಬರುತ್ತೆ. ಡೈರಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡ ಟಿವಿಎಸ್, ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹೊತ್ತ ಆಟೋ, ಫ್ಯಾಕ್ಟರಿ ಶಿಫ್ಟ್ ಮುಗಿಸಿ ನಿದ್ದೆಗಣ್ಣಲ್ಲಿ ಮನೆಗೆ ಹೊರಟ ಹುಡುಗರು.

ಈ ಎರಡು ಸಾಲು ಸೇರೋ ಜಾಗದ ಬಗ್ಗೆಯೇ ಇವತ್ತಿನ ಮಾತು.

ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರನ್ನು ಬೈಯೋದು ನನ್ನ ಉದ್ದೇಶ ಅಲ್ಲ. ದುಡ್ಡು ಅವರದ್ದು, ಆಸೆ ಅವರದ್ದು. ಗಂಟೆಗೆ 250 ಕಿಲೋಮೀಟರ್ ಓಡೋ ಕಾರು ತಗೊಂಡ ಮೇಲೆ ಒಂದು ಸಲವಾದರೂ ಅದರ ತಾಕತ್ತು ನೋಡಬೇಕು ಅನ್ನಿಸೋದು ಸಹಜ. ಪ್ರಶ್ನೆ ಇರೋದು ಎಲ್ಲಿ ನೋಡಬೇಕು ಅನ್ನೋದರಲ್ಲಿ.

ಬೆಂಗಳೂರು-ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆ ಆಯ್ತು. ಅದೇ ವರ್ಷ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗಳು ಮುಖ್ಯರಸ್ತೆಗೆ ಬರೋ ಹಾಗಿಲ್ಲ ಅಂತಾಯ್ತು. ಕಾರಿಗೆ ಮಿತಿ ಗಂಟೆಗೆ 100 ಕಿಲೋಮೀಟರ್. 2024ರ ಆಗಸ್ಟ್‌ನಿಂದ 130 ದಾಟಿದರೆ ಬರೀ ದಂಡ ಅಲ್ಲ, ಎಫ್‌ಐಆರ್ ಅಂತ ರಾಜ್ಯ ಪೊಲೀಸರು ಹೇಳಿದ್ದಾರೆ. ರಸ್ತೆಯಲ್ಲಿ ರೇಸ್ ಕಟ್ಟಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಇದೆ: ಮೊದಲ ಸಲ ಸಿಕ್ಕಿಬಿದ್ದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಹೆದ್ದಾರಿಯಲ್ಲಿ ಕ್ಯಾಮೆರಾ ಇದೆ ಅಂತ ಕೆಲವರು ಈಗ ಬಿಡದಿಯಲ್ಲಿ ಇಳಿದು, ಬೈರಮಂಗಲದ ಮೇಲೆ ಹಾರೋಹಳ್ಳಿ ಕಡೆಗೆ ತಿರುಗಿಸೋ ಯೋಚನೆ ಮಾಡ್ತಾರೆ. ಅಲ್ಲಿ ಡಿವೈಡರ್ ಇಲ್ಲ, ಇರೋದು ಊರು, ಶಾಲೆ, ದನ, ಜನ.

ಇಂಜಿನಿಯರಿಂಗ್ ಓದಿ ಟಿವಿಗೆ ಬಂದವನು ನಾನು. ಹಾಗಾಗಿ ಒಂದು ಸಣ್ಣ ಲೆಕ್ಕ ಹೇಳ್ತೀನಿ. ಗಂಟೆಗೆ 100 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಎದುರಿಗೆ ಎಮ್ಮೆ ಕಂಡು ಕಾಲು ಬ್ರೇಕ್ ಮೇಲೆ ಹೋಗೋಕೆ ಒಂದು ಸೆಕೆಂಡ್ ಹಿಡಿದರೂ ಕಾರು ಆಗಲೇ 28 ಮೀಟರ್ ಹೋಗಿರುತ್ತೆ. ಒಣ ರಸ್ತೆಯಲ್ಲಿ, ಒಳ್ಳೆ ಟೈರಿನಲ್ಲಿ ಬ್ರೇಕ್ ಒತ್ತಿ ನಿಲ್ಲೋಕೆ ಇನ್ನೊಂದು 50 ಮೀಟರ್. ಒಟ್ಟು 78 ಅಂತ ಇಟ್ಟುಕೊಳ್ಳಿ. ಅದೇ ಕಾರು 160ರಲ್ಲಿ ಇದ್ದರೆ? ಸುಮಾರು 170 ಮೀಟರ್! ವೇಗ ಹೆಚ್ಚಾಗಿದ್ದು ಒಂದೂವರೆ ಪಟ್ಟು ಚಿಲ್ಲರೆ, ನಿಲ್ಲೋ ದೂರ ಎರಡು ಪಟ್ಟಿಗಿಂತ ಜಾಸ್ತಿ. ಕಾರಿನಲ್ಲಿರುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ಇದು ಕಾರಿನ ಬೆಲೆ ನೋಡಿ ಬದಲಾಗೋ ನಿಯಮ ಅಲ್ಲ.

ಹಾಗಾದರೆ ಆ ಕಾರನ್ನು ಎಲ್ಲಿಗೆ ತಗೊಂಡು ಹೋಗಬೇಕು? ಟ್ರ್ಯಾಕ್‌ಗೆ. ಬೆಂಗಳೂರಿನ ಸುತ್ತ ಗೋ-ಕಾರ್ಟ್ ಓಡಿಸೋ ಟ್ರ್ಯಾಕ್‌ಗಳಿವೆ. ಅದನ್ನು ಹಗುರವಾಗಿ ನೋಡಬೇಡಿ. ಫಾರ್ಮುಲಾ 2ರವರೆಗೆ ಹೋದ ನಮ್ಮ ಬೆಂಗಳೂರಿನ ಅಣ್ಣ-ತಮ್ಮ ಅರ್ಜುನ್ ಮೈನಿ, ಕುಶ್ ಮೈನಿ ಶುರು ಮಾಡಿದ್ದೂ ಕಾರ್ಟ್‌ನಿಂದಲೇ. ದೊಡ್ಡ ಕಾರಿಗೆ ಬೇಕಾದಷ್ಟು ಉದ್ದದ ಟ್ರ್ಯಾಕ್ ಅಂದರೆ ನಮ್ಮವರು ಸಾಮಾನ್ಯವಾಗಿ ಹೋಗೋದು ತಮಿಳುನಾಡಿಗೆ. ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರ್ ದೂರದಲ್ಲಿ, ಶ್ರೀಪೆರಂಬುದೂರು ಬಳಿಯ ಇರುಂಗಾಟ್ಟುಕೋಟೈನಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಟ್ರ್ಯಾಕ್ ಇದೆ. ಉದ್ದ 3.7 ಕಿಲೋಮೀಟರ್, ತಿರುವು 12. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದಕ್ಕಿಂತ ಚಿಕ್ಕದು. 2011ರಿಂದ 2013ರವರೆಗೆ ಫಾರ್ಮುಲಾ 1 ನಡೆದ ಬುದ್ಧ್ ಸರ್ಕ್ಯೂಟ್ ಇರೋದು ದೂರದ ಗ್ರೇಟರ್ ನೋಯ್ಡಾದಲ್ಲಿ.

ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ, ಇದನ್ನು ಮೊದಲು ತಿಳ್ಕೊಳ್ಳಿ. ಅಲ್ಲಿ ಗೆಲ್ಲೋರೂ ಇಲ್ಲ, ಸೋಲೋರೂ ಇಲ್ಲ, ಕಪ್ಪೂ ಇಲ್ಲ. ದುಡ್ಡು ಕಟ್ಟಿ, ಹೆಸರು ಬರೆಸಿ, ನಿಮ್ಮ ಕಾರನ್ನು ನಿಮ್ಮ ಮಟ್ಟದ ಗುಂಪಿನ ಜೊತೆ ಹದಿನೈದಿಪ್ಪತ್ತು ನಿಮಿಷ ಓಡಿಸಿ ಹೊರಗೆ ಬರಬೇಕು. ಕಾರು ತಣ್ಣಗಾಗಬೇಕು, ನೀವೂ ತಣ್ಣಗಾಗಬೇಕು. ಆಮೇಲೆ ಮತ್ತೆ ಸರದಿ.

ಈಗ ಕಾರಿನ ತಯಾರಿಗೆ ಬರೋಣ. ಎಲ್ಲರೂ ಕೇಳೋದು ಇಂಜಿನ್ ಬಗ್ಗೆ: ಇನ್ನೊಂದಿಷ್ಟು ಪವರ್ ಬರೋ ಹಾಗೆ ಮಾಡಿಸಲಾ, ಸೈಲೆನ್ಸರ್ ಬದಲಿಸಲಾ? ಏನೂ ಬೇಡ. ದುಡ್ಡು ಇದ್ದರೆ ಮೊದಲು ಬ್ರೇಕಿಗೆ ಹಾಕಿ. ಟಿವಿಯಲ್ಲಿ ದಿನಕ್ಕೆ ನೂರು ಬ್ರೇಕಿಂಗ್ ನ್ಯೂಸ್ ಓದೋನು ನಾನು. ನಿಜವಾದ ಬ್ರೇಕಿಂಗ್ ಸುದ್ದಿ ಇದು.

ಒಂದೂವರೆ ಟನ್ ತೂಕದ ಕಾರನ್ನು 160ರಿಂದ ಸೊನ್ನೆಗೆ ತಂದರೆ ಹುಟ್ಟೋ ಶಾಖದಲ್ಲಿ ನಾಲ್ಕೂವರೆ ಲೀಟರ್ ತಣ್ಣೀರು ಕುದಿಯೋ ಮಟ್ಟಕ್ಕೆ ಬರುತ್ತೆ. ಊರಲ್ಲಿ 80ರಿಂದ ನಿಲ್ಲಿಸಿದರೆ ಅದರ ಕಾಲು ಭಾಗ ಅಷ್ಟೇ. ಟ್ರ್ಯಾಕ್‌ನಲ್ಲಿ ಒಂದು ಸುತ್ತಿಗೆ ಹಲವು ಸಲ ಹೀಗೆ ಜೋರಾಗಿ ಬ್ರೇಕ್ ಒತ್ತುತ್ತೀರಿ, ನಡುವೆ ಡಿಸ್ಕ್ ಆರೋಕೆ ಸಮಯ ಇಲ್ಲ. ಆ ಬಿಸಿ ಪ್ಯಾಡ್ ದಾಟಿ ಬ್ರೇಕ್ ಆಯಿಲ್‌ಗೆ ಹೋಗುತ್ತೆ. ಈ ಬ್ರೇಕ್ ಆಯಿಲ್‌ಗೆ ಒಂದು ಗುಣ: ಗಾಳಿಯ ತೇವ ಹೀರಿಕೊಳ್ಳುತ್ತೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ಮಾನದಂಡ ಇದೆ. ತೇವ ಹೀರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತೆ. ಆಯಿಲ್ ಕುದಿದರೆ ಪೈಪಿನಲ್ಲಿ ಗುಳ್ಳೆ ಬರುತ್ತೆ. ಗುಳ್ಳೆ ಒತ್ತಿದರೆ ಕುಗ್ಗುತ್ತೆ. ಪೆಡಲ್ ಮೆತ್ತಗೆ ನೆಲಕ್ಕೆ ಹೋಗುತ್ತೆ, ಕಾರು ನಿಲ್ಲಲ್ಲ. ಇದಲ್ಲದೆ ಇನ್ನೊಂದು ಬಗೆಯ ತೊಂದರೆಯೂ ಇದೆ: ಪೆಡಲ್ ಗಟ್ಟಿಯಾಗೇ ಇರುತ್ತೆ, ಆದರೆ ಪ್ಯಾಡ್ ಕಾದು ಹಿಡಿತ ಬಿಟ್ಟಿರುತ್ತೆ. ಹಾಗಾಗಿ ಹೋಗೋ ಮುಂಚಿನ ವಾರ ಹಳೇ ಬ್ರೇಕ್ ಆಯಿಲ್ ಪೂರ್ತಿ ತೆಗೆಸಿ, ಸೀಲ್ ಒಡೆಯದ ಹೊಸ ಡಬ್ಬಿಯದ್ದು ಹಾಕಿಸಿ. ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬದಲಿಸಿ. ಡಿಸ್ಕ್‌ನಲ್ಲಿ ಬಿರುಕು ಇದೆಯಾ ನೋಡಿಸಿ.

ಎರಡನೇದು ಟೈರ್. ಕಾನೂನಿನ ಪ್ರಕಾರ 1.6 ಮಿಲಿಮೀಟರ್ ಗೆರೆ ಇದ್ದರೆ ಸಾಕು. ಟ್ರ್ಯಾಕ್‌ಗೆ ಅಷ್ಟು ಸಾಲದು, ಅಲ್ಲಿ ಸವೆದ ಮೇಲೆ ವಾಪಸ್ ಮನೆಗೂ ಬರಬೇಕಲ್ಲ! ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾಗಿದ್ದು. ಷೆಡ್‌ನಲ್ಲೇ ನಿಂತ ಕಾರಿನ ಟೈರ್ ನೋಡೋಕೆ ಹೊಸದು, ರಬ್ಬರ್ ಒಳಗೆ ಮುದಿಯಾಗಿರುತ್ತೆ. ಓಡಿದ ಹಾಗೆ ಟೈರ್ ಕಾದು ಗಾಳಿಯ ಒತ್ತಡ ಏರುತ್ತೆ. ಪ್ರತಿ ಸರದಿ ಮುಗಿದ ಕೂಡಲೇ ಗೇಜ್ ಹಿಡಿದು ನೋಡಿ, ಬರೆದಿಟ್ಟುಕೊಳ್ಳಿ. ವೀಲ್ ನಟ್‌ಗಳನ್ನು ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ ಬಿಗಿ ಮಾಡಿಸಿ, ಒಂದೆರಡು ಸರದಿ ಆದ ಮೇಲೆ ಮತ್ತೆ ಪರೀಕ್ಷಿಸಿ.

ಮೂರನೇದು, ಮನೆಯ ಸಾಮಾನು. ಡಿಕ್ಕಿಯಲ್ಲಿರೋ ಜಾಕ್, ಕಾಲಡಿಯ ಸಡಿಲ ಮ್ಯಾಟ್, ಬಾಗಿಲ ಜೇಬಿನ ನೀರಿನ ಬಾಟಲಿ, ಡ್ಯಾಶ್‌ಬೋರ್ಡ್ ಮೇಲೆ ಕೂರಿಸಿದ ಗಣಪ, ಎಲ್ಲ ಕೆಳಗಿಳಿಸಿ. ಗಣಪನಿಗೆ ಮನಸ್ಸಿನಲ್ಲೇ ಕೈ ಮುಗಿಯಿರಿ, ಆತ ಬೇಜಾರು ಮಾಡ್ಕೊಳ್ಳಲ್ಲ. ಜೋರು ಬ್ರೇಕ್‌ನಲ್ಲಿ ಉರುಳಿದ ಬಾಟಲಿ ಪೆಡಲ್ ಕೆಳಗೆ ಹೋದರೆ ಮುಂದಿನದ್ದು ಹೇಳಬೇಕಾಗಿಲ್ಲ. ಇಂಜಿನ್ ಆಯಿಲ್, ಕೂಲೆಂಟ್ ಮಟ್ಟ ನೋಡಿ. ಕಾರು ಎಳೆಯೋ ಕೊಕ್ಕೆ ಎಲ್ಲಿದೆ ಅಂತ ತಿಳಿದಿರಲಿ.

ಇನ್ನು ನಿಮ್ಮ ತಯಾರಿ. ಹಿಂದಿನ ರಾತ್ರಿ ನಿದ್ದೆ ಮಾಡಿ, ಗುಂಡು ಹಾಕಬೇಡಿ. ಚೆನ್ನೈ ಬಿಸಿಲಲ್ಲಿ ಹೆಲ್ಮೆಟ್ ಹಾಕಿ ಕೂತರೆ ಬೆವರು ಸುರಿಯುತ್ತೆ. ಬಾಯಾರೋ ಮುಂಚೆಯೇ ನೀರು ಕುಡಿಯುತ್ತಿರಿ. ಪೂರ್ತಿ ಮುಖ ಮುಚ್ಚೋ ಹೆಲ್ಮೆಟ್, ಮೈ ಮುಚ್ಚೋ ಹತ್ತಿ ಬಟ್ಟೆ, ತೆಳು ಅಡಿಯ ಷೂ. ಚಪ್ಪಲಿ ನಡೆಯಲ್ಲ. ಸೀಟನ್ನು ನಿಮ್ಮ ದಿನನಿತ್ಯದ ಅಭ್ಯಾಸಕ್ಕಿಂತ ಮುಂದಕ್ಕೆ ತನ್ನಿ. ಬೆನ್ನು ಸೀಟಿಗೆ ಅಂಟಿದ್ದಾಗ ಮಣಿಕಟ್ಟು ಸ್ಟೀರಿಂಗ್ ಮೇಲ್ಭಾಗಕ್ಕೆ ಮುಟ್ಟಬೇಕು, ಬ್ರೇಕ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು.

ಬೆಳಗ್ಗೆ ಚಾಲಕರ ಸಭೆ ಇರುತ್ತೆ. ಅದನ್ನು ತಪ್ಪಿಸಬೇಡಿ. ಬಾವುಟದ ಭಾಷೆ ಅಲ್ಲೇ ಹೇಳ್ತಾರೆ. ಹಳದಿ ಕಂಡರೆ ಮುಂದೆ ಅಪಾಯ, ನಿಧಾನಿಸಿ, ಯಾರನ್ನೂ ಹಿಂದೆ ಹಾಕಬೇಡಿ. ಕೆಂಪು ಕಂಡರೆ ಎಲ್ಲ ನಿಂತಿದೆ, ನಿಧಾನವಾಗಿ ಪಿಟ್‌ಗೆ ಬನ್ನಿ. ನೀಲಿ ಅಂದರೆ ಹಿಂದೆ ನಿಮಗಿಂತ ಜೋರಿನವನಿದ್ದಾನೆ, ದಾರಿ ಬಿಡಿ. ಕಪ್ಪು ಅಂದರೆ ನಿಮ್ಮನ್ನೇ ಕರೀತಿದ್ದಾರೆ. ದಾರಿ ಬಿಟ್ಟರೆ ಮರ್ಯಾದೆ ಹೋಗಲ್ಲ ಸ್ವಾಮಿ. ನಿಮ್ಮ ಕೋಟಿ ರೂಪಾಯಿ ಕಾರನ್ನು ಹಳೇ ಪೋಲೋ ಒಂದು ಹಿಂದೆ ಹಾಕಬಹುದು. ಹಾಕಲಿ ಬಿಡಿ. ಅವನು ಆ ತಿರುವನ್ನು ನೂರು ಸಲ ನೋಡಿರುತ್ತಾನೆ.

ತರಬೇತುದಾರರು ಸಿಗೋ ಹಾಗಿದ್ದರೆ ಮೊದಲ ಸರದಿಯಲ್ಲೇ ಪಕ್ಕ ಕೂರಿಸಿಕೊಳ್ಳಿ. ಮೊದಲ ಎರಡು ಸುತ್ತು ನಿಧಾನ, ಟೈರ್ ಬಿಸಿಯಾಗಲಿ, ದಾರಿ ಕಣ್ಣಿಗೆ ಕೂರಲಿ. ಕಾರಿನ ಸ್ಟೆಬಿಲಿಟಿ ಕಂಟ್ರೋಲ್ ಆಫ್ ಮಾಡಬೇಡಿ. ಬ್ರೇಕ್ ಹಾಕೋದು ನೇರ ದಾರಿಯಲ್ಲೇ ಮುಗಿಯಲಿ, ಆಮೇಲೆ ತಿರುಗಿಸಿ. ಕಣ್ಣು ಬಾನೆಟ್ ಮೇಲೆ ಬೇಡ, ತಿರುವು ಮುಗಿಯೋ ಕಡೆ ಇರಲಿ. ಕೊನೇ ಸುತ್ತನ್ನು ಬ್ರೇಕ್ ಮುಟ್ಟದ ಹಾಗೆ ಮೆಲ್ಲಗೆ ಓಡಿಸಿ, ಕಾರು ಆರುತ್ತೆ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಕಾದ ಡಿಸ್ಕ್‌ಗೆ ಪ್ಯಾಡ್ ಹಿಡಿದುಕೊಳ್ಳುತ್ತೆ. ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕೊಡಿ.

ಕಾಗದ ಪತ್ರದ ವಿಷಯಕ್ಕೆ ಬಂದರೆ, ನಿಮ್ಮ ಇನ್ಶೂರೆನ್ಸ್ ಪಾಲಿಸಿ ತೆಗೆದು ಸಣ್ಣ ಅಕ್ಷರ ಓದಿ. ನಮ್ಮ ದೇಶದ ಮಾಮೂಲಿ ಖಾಸಗಿ ಕಾರಿನ ಪಾಲಿಸಿಯಲ್ಲಿ ಸಂಘಟಿತ ರೇಸ್, ವೇಗ ಪರೀಕ್ಷೆ ಇಂಥವನ್ನು ಹೊರಗಿಟ್ಟಿರುತ್ತಾರೆ. ಅಂದರೆ ಟ್ರ್ಯಾಕ್‌ನಲ್ಲಿ ಗೋಡೆಗೆ ಗುದ್ದಿದರೆ ರಿಪೇರಿ ಖರ್ಚು ನಿಮ್ಮ ಜೇಬಿಂದ ಅಂತಲೇ ಲೆಕ್ಕ ಹಾಕಿ ಹೋಗಿ.

ಟ್ರ್ಯಾಕ್ ಅಂದರೆ ಅಪಾಯವೇ ಇಲ್ಲ ಅಂತ ನಾನು ಹೇಳ್ತಿಲ್ಲ. 2023ರ ಜನವರಿಯಲ್ಲಿ ಅನುಭವಿ ಕಾರ್ ರೇಸರ್ ಕೆ.ಇ. ಕುಮಾರ್ ಆ ಚೆನ್ನೈ ಟ್ರ್ಯಾಕ್‌ನಲ್ಲೇ ಪ್ರಾಣ ಬಿಟ್ಟರು. ಅದೇ ವರ್ಷ ಆಗಸ್ಟ್ 5ರಂದು ನಮ್ಮ ಬೆಂಗಳೂರಿನ 13 ವರ್ಷದ ಬೈಕ್ ರೇಸರ್ ಶ್ರೇಯಸ್ ಹರೀಶ್ ಅಲ್ಲೇ ಬಿದ್ದು ತೀರಿಕೊಂಡ. ಆ ಸುದ್ದಿ ಓದೋವಾಗ ಗಂಟಲು ಕಟ್ಟಿತ್ತು. ಅವೆರಡೂ ರೇಸ್‌ಗಳು, ಟ್ರ್ಯಾಕ್ ಡೇ ಅಲ್ಲ. ಆದರೂ ವೇಗ ಅನ್ನೋದು ಎಲ್ಲಿದ್ದರೂ ವೇಗವೇ.

ವ್ಯತ್ಯಾಸ ಒಂದೇ. ಟ್ರ್ಯಾಕ್‌ಗೆ ಇಳಿಯೋ ಮುಂಚೆ ನಿಮ್ಮ ಮುಂದೆ ಒಂದು ಕಾಗದ ಇಡ್ತಾರೆ: ಆಗೋ ಅಪಾಯಕ್ಕೆ ನಾನೇ ಹೊಣೆ ಅಂತ. ನೀವು ಸಹಿ ಹಾಕ್ತೀರಿ, ನಿಮ್ಮ ಮುಂದಿನವನೂ ಹಾಕಿರ್ತಾನೆ, ಹಿಂದಿನವನೂ ಹಾಕಿರ್ತಾನೆ. ಆಂಬುಲೆನ್ಸ್ ಕಾದಿರುತ್ತೆ, ಎದುರಿನಿಂದ ಯಾರೂ ಬರಲ್ಲ. ಬೈರಮಂಗಲ ರಸ್ತೆಯಲ್ಲಿ ಹಾಲಿನ ಕ್ಯಾನ್ ಹಿಡಿದು ರಸ್ತೆ ದಾಟೋ ಅಜ್ಜಿ ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಆಕೆಯ ಜೀವವನ್ನು ನಿಮ್ಮ ಖುಷಿಗೆ ಪಣಕ್ಕಿಡೋ ಹಕ್ಕು ಯಾರಿಗೂ ಇಲ್ಲ.

ಕೊನೆಯದಾಗಿ, ವಾಪಸ್ ಬರೋ ದಾರಿ. ಇಡೀ ದಿನ ಜೋರಾಗಿ ಓಡಿಸಿದವನ ಕಣ್ಣಿಗೆ ಹೆದ್ದಾರಿಯ 100 ಕಿಲೋಮೀಟರ್ ಆಮೆ ನಡಿಗೆ ಅನ್ನಿಸುತ್ತೆ. ಮೈ ದಣಿದಿರುತ್ತೆ, ಟೈರ್ ಸವೆದಿರುತ್ತೆ, ಬ್ರೇಕ್ ಪ್ಯಾಡ್ ತೆಳುವಾಗಿರುತ್ತೆ, ಮುಂದೆ ವೆಲ್ಲೂರು, ಕೃಷ್ಣಗಿರಿ, ಹೊಸೂರು ದಾಟಬೇಕು. ಸಾಧ್ಯವಾದರೆ ಆ ರಾತ್ರಿ ಅಲ್ಲೇ ಉಳಿದು ಬೆಳಗ್ಗೆ ಹೊರಡಿ. ಹೊರಡೋ ಮುಂಚೆ ಟೈರ್ ಗಾಳಿ ರಸ್ತೆಯ ಲೆಕ್ಕಕ್ಕೆ ತಂದು, ಬ್ರೇಕ್ ಪೆಡಲ್ ಒಮ್ಮೆ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಮಾತ್ರ ಕೀಲಿ ತಿರುಗಿಸಿ.