ಕೊಟ್ಟಿಗೆಯ ಮಾಡಿಗೆ ಶಾಖನಿರೋಧಕ ಹೊದಿಕೆ: ಅದರ ಗುಣವನ್ನು ಅಳೆಯುವ ಬಗೆ

ದನದ ಕೊಟ್ಟಿಗೆಗೂ ಕಾಳಿನ ಉಗ್ರಾಣಕ್ಕೂ ತಗಡಿನ ಮಾಡನ್ನು ಹೊದಿಸುವ ವಾಡಿಕೆಯು ನಮ್ಮ ಗ್ರಾಮಗಳಲ್ಲಿ ಹೆಚ್ಚಾಗಿದೆಯಷ್ಟೆ. ಬೇಸಿಗೆಯ ಮಧ್ಯಾಹ್ನ ಇಂತಹ ಮಾಡಿನ ಕೆಳಗೆ ಕಟ್ಟಿದ ಹಸುಗಳು ಮೇವನ್ನು ಬಿಟ್ಟು ಏದುಸಿರು ಬಿಡುವುವು; ಹಾಲೂ ಇಳಿಯುವುದು. ಇದಕ್ಕೆ ಪರಿಹಾರವೆಂದು ವ್ಯಾಪಾರಿಗಳು ನಾನಾ ಬಗೆಯ ಹಲಗೆಗಳನ್ನೂ ಹೊಳೆಯುವ ಹಾಳೆಗಳನ್ನೂ ತಂದು ತೋರಿಸುತ್ತಾರೆ. ಹಣವನ್ನು ಕೊಡುವುದಕ್ಕೆ ಮೊದಲು ಅವರು ಹೇಳುವ ಅಂಕಿಯು ಹೇಗೆ ಹುಟ್ಟಿತೆಂಬುದನ್ನು ಗ್ರಾಮದ ಮುಖಂಡರೂ ಭೂಮಾಲೀಕರೂ ತಿಳಿದಿರುವುದು ಲೇಸು.

ಪದಾರ್ಥದ ಚಪ್ಪಟೆಯಾದ ತುಂಡೊಂದನ್ನು ಚೆನ್ನಾಗಿ ಒಣಗಿಸಿ, ಬಿಸಿ ಫಲಕಕ್ಕೂ ತಣ್ಣನೆಯ ಫಲಕಕ್ಕೂ ನಡುವೆ ಇಡುತ್ತಾರೆ. ಬಿಸಿ ಫಲಕವು ವಿದ್ಯುತ್ತಿನಿಂದ ಕಾಯುವುದು. ಶಾಖವು ಪಕ್ಕಕ್ಕೆ ಸೋರದಂತೆ ಸುತ್ತಲೂ ಅಷ್ಟೇ ಬಿಸಿಯಾದ ಕಾವಲುಪಟ್ಟಿಯಿರುವುದು. ಎರಡು ಕಡೆಯ ಉಷ್ಣತೆಯೂ ಸ್ಥಿರವಾಗಿ ನಿಂತಮೇಲೆ, ಎಷ್ಟು ವಿದ್ಯುತ್ತು ವೆಚ್ಚವಾಗುವುದೋ ಅಷ್ಟು ಶಾಖವು ತುಂಡಿನ ಮೂಲಕ ಹರಿಯಿತೆಂದು ಲೆಕ್ಕ. ಅಮೆರಿಕದಲ್ಲಿ ಈ ಕ್ರಮವನ್ನು 1945ರಲ್ಲಿ ಪ್ರಮಾಣವಾಗಿ ಅಂಗೀಕರಿಸಿದರು.

ಹೀಗೆ ದೊರೆತ ಶಾಖವಾಹಕಾಂಕವು ಉಕ್ಕಿಗೆ ಸುಮಾರು 50, ಇಟ್ಟಿಗೆಗೆ 0.7, ಥರ್ಮೋಕೋಲಿಗೆ 0.035. ಮೀಟರಿನಲ್ಲಿ ಅಳೆದ ದಪ್ಪವನ್ನು ಇದರಿಂದ ಭಾಗಿಸಿದರೆ ಶಾಖರೋಧವು ಬರುವುದು. 50 ಮಿಲಿಮೀಟರಿನ ಥರ್ಮೋಕೋಲಿಗೆ ಅದು 1.4, ಒಂಬತ್ತಂಗುಲದ ಇಟ್ಟಿಗೆಗೋಡೆಗೆ 0.33; ತಗಡಿಗೆ ಇಲ್ಲವೆಂದೇ ಹೇಳಬಹುದು. ಒಣ ಗೋಧಿಹುಲ್ಲಿನ ಹೊದಿಕೆಯ ವಾಹಕಾಂಕವು ಸುಮಾರು 0.07 ಆದುದರಿಂದ, ಆರಂಗುಲದ ಹುಲ್ಲುಮಾಡು 2.2ರಷ್ಟು ತಡೆಯುವುದು! ಬೆಂಕಿಯ ಭಯವು ಅದಕ್ಕುಂಟು, ನಿಜ. ಆದರೆ ಥರ್ಮೋಕೋಲೂ ಕರಗಿ ಉರಿಯತಕ್ಕ ವಸ್ತುವೇ.

ಅಮೆರಿಕದ ಅಡಿ-ಪೌಂಡಿನ ಲೆಕ್ಕದಲ್ಲಿ ಮೇಲಿನ 1.4 ಎಂಬುದೇ 8 ಎಂದು ಕಾಣುವುದು. ಆದಕಾರಣ ಯಾವ ಮಾನದ ಅಂಕಿ, ಎಷ್ಟು ದಪ್ಪಕ್ಕೆ ಎಂದು ಕೇಳದೆ ಬೆಲೆಯನ್ನು ಒಪ್ಪಕೂಡದು. ಸರಕು ಬಂದಾಗ ದಪ್ಪವನ್ನು ಸ್ವತಃ ಅಳೆದು ನೋಡತಕ್ಕದ್ದು. ಹೊಳೆಯುವ ಹಾಳೆಗೆ ಹೇಳುವ ಅಂಕಿಯು ಸಾಮಾನ್ಯವಾಗಿ ಅದರ ಪಕ್ಕದ ಗಾಳಿಯ ಸಂದನ್ನೂ ಸೇರಿಸಿಕೊಂಡದ್ದು. ಎರಡು ಹಲಗೆಗಳ ನಡುವೆ ಅದುಮಿ ಕೂರಿಸಿದರೆ ಹೊಳಪಿನಿಂದ ಪ್ರಯೋಜನವಿಲ್ಲ.

ಇವೆಲ್ಲವೂ ಒಣಗಿದ ತುಂಡಿನ ಅಂಕಿಗಳೆಂಬುದು ಮುಖ್ಯ. ಹುಲ್ಲಾಗಲಿ ನಾರಾಗಲಿ ಶಾಖವನ್ನು ತಡೆಯುವುದು ತನ್ನೊಳಗಿನ ನಿಶ್ಚಲವಾದ ಗಾಳಿಯಿಂದ. ನೀರಾದರೋ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮಿಕ್ಕು ಶಾಖವನ್ನು ಸಾಗಿಸುವುದು. ಸೋರುವ ಮಾಡಿನ ಕೆಳಗೆ ಹೊದಿಕೆಯನ್ನು ಹಾಕಿದರೆ ಹಣವು ವ್ಯರ್ಥ.

ತಗಡಿನ ಮೇಲ್ಮುಖಕ್ಕೆ ಸುಣ್ಣವನ್ನು ಬಳಿದರೆ ಬಿಸಿಲಿನ ಬಹುಭಾಗವು ಹಿಂದಿರುಗುವುದು. ಈ ಲಾಭವು ಶಾಖರೋಧದ ಅಂಕಿಯಲ್ಲಿ ಕಾಣದು. ಖರ್ಚು ಅಲ್ಪವಾದುದರಿಂದ ಮೊದಲು ಇದನ್ನೇ ಮಾಡಿ ನೋಡಬಹುದು. ಮಳೆಗೆ ತೊಳೆದುಹೋಗುವುದರಿಂದ ಪ್ರತಿವರ್ಷ ಮಾಘಮಾಸದಲ್ಲಿ ಹೊಸದಾಗಿ ಬಳಿಯಿಸಬೇಕು.