ಮನಸ್ಸಿನ ಕಾಯಿಲೆಗೂ ಮದ್ದುಂಟು

ಜ್ವರ ಬಂದರೆ ನಾವು ವೈದ್ಯರ ಬಳಿಗೆ ಹೋಗುತ್ತೇವೆ. ಕಾಲು ಉಳುಕಿದರೆ ಎಣ್ಣೆ ಹಚ್ಚಿ ನೀವಿಸಿಕೊಳ್ಳುತ್ತೇವೆ. ಮನಸ್ಸಿಗೆ ಕಾಯಿಲೆಯಾದರೆ ಮಾತ್ರ ಯಾರಿಗೂ ತಿಳಿಯದಂತೆ ಮುಚ್ಚಿಡುತ್ತೇವೆ. ಹಾಗೆ ಮುಚ್ಚಿಟ್ಟವರಲ್ಲಿ ನಾನೂ ಒಬ್ಬ. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯುವ ಅಧಿಕಾರ ನನಗೆ ಸ್ವಲ್ಪ ಉಂಟೆಂದು ಭಾವಿಸಿದ್ದೇನೆ.

ಖಿನ್ನತೆ ಎಂದರೇನು? ಪರೀಕ್ಷೆಯಲ್ಲಿ ಅಂಕ ಕಡಿಮೆಯಾದಾಗ, ಬಂಧುಗಳು ಅಗಲಿದಾಗ ದುಃಖವಾಗುವುದು ಸಹಜ. ಸಾಮಾನ್ಯವಾಗಿ ಅದು ದಿನಗಳೆದಂತೆ ಕರಗುತ್ತದೆ. ಖಿನ್ನತೆ ಹಾಗಲ್ಲ. ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ದಿನದ ಬಹುಭಾಗ ಮನಸ್ಸು ಕುಗ್ಗಿರುವುದು, ಇಲ್ಲವೇ ಮೊದಲು ಪ್ರಿಯವಾಗಿದ್ದುದರಲ್ಲಿ ಆಸಕ್ತಿ ಉಡುಗಿಹೋಗುವುದು ಇದರ ಮುಖ್ಯ ಲಕ್ಷಣ. ಜೊತೆಗೆ ನಿದ್ರೆ, ಹಸಿವು ಕೆಡುತ್ತವೆ, ಮೈ ಸೋಲುತ್ತದೆ, ತಾನು ಯಾರಿಗೂ ಬೇಡದವನೆಂಬ ಭಾವನೆಯೂ ಸಾವಿನ ಯೋಚನೆಯೂ ಬರಬಹುದು.

ದ್ವಿತೀಯ ವರ್ಷದಲ್ಲಿದ್ದಾಗ ಇವೆಲ್ಲವೂ ನನಗೆ ಬಂದುವು. ಬೆಳಗಿನ ನಾಲ್ಕಕ್ಕೇ ಎಚ್ಚರವಾಗುತ್ತಿತ್ತು. ಆದರೂ ಹತ್ತು ಗಂಟೆಯ ತರಗತಿಗೆ ಏಳಲಾಗುತ್ತಿರಲಿಲ್ಲ. ಹಾಸ್ಟೆಲಿನ ಗೆಳೆಯರು ಸೋಮಾರಿಯೆಂದರು. ಅವ್ವ ದೃಷ್ಟಿ ತೆಗೆದಳು. ಅಪ್ಪ, "ತಾಳಿದವನು ಬಾಳಿಯಾನು, ಧೈರ್ಯವಾಗಿರು" ಎಂದರು. ಹಾಜರಿ ಪುಸ್ತಕ ನೋಡಿ ನನ್ನನ್ನು ಕರೆಸಿದ ಅಧ್ಯಾಪಕರೊಬ್ಬರು ಮಾತ್ರ, "ಇದು ಸೋಮಾರಿತನವಲ್ಲಪ್ಪ, ನಡಿ, ಡಾಕ್ಟರನ್ನು ಕಾಣೋಣ" ಎಂದು ಆಸ್ಪತ್ರೆಗೆ ಜೊತೆಯಲ್ಲಿಯೇ ಬಂದರು.

ಅಲ್ಲಿ ಏನು ಮಾಡುವರೋ ಎಂದು ನಾನು ನಡುಗುತ್ತಿದ್ದೆ. ಮನೋವೈದ್ಯರು ಮಾಡಿದ್ದು ಇಷ್ಟೇ: ಕುರ್ಚಿ ತೋರಿಸಿ, ನಿದ್ರೆ, ಊಟ, ಓದು, ಮನೆಯ ಸ್ಥಿತಿ ಎಲ್ಲವನ್ನೂ ಸಾವಧಾನವಾಗಿ ಕೇಳಿದರು. ರಕ್ತಪರೀಕ್ಷೆಗೆ ಬರೆದುಕೊಟ್ಟರು, ಥೈರಾಯ್ಡ್ ಗ್ರಂಥಿಯ ಕೆಲಸ ಕುಂದಿದರೂ ಇಂಥ ಲಕ್ಷಣಗಳೇ ಕಾಣುತ್ತವೆಯಂತೆ. ಕೊನೆಗೆ, "ಸಾಯಬೇಕೆಂದು ಅನ್ನಿಸಿದೆಯೇ?" ಎಂದು ನೇರವಾಗಿ ಕೇಳಿದರು. ನಾನು ಹೌದೆಂದು ತಲೆಯಾಡಿಸಿ ಅತ್ತುಬಿಟ್ಟೆ. ಅಷ್ಟು ದಿನ ಹೊತ್ತಿದ್ದ ಹೊರೆಯನ್ನು ಯಾರೋ ಒಂದು ಕೈ ಹಿಡಿದು ಇಳಿಸಿದಂತಾಯಿತು. ಹೀಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇರುವುದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ.

ಚಿಕಿತ್ಸೆಯಲ್ಲಿ ಮುಖ್ಯವಾಗಿ ಎರಡು ಬಗೆ: ಮಾತಿನ ಚಿಕಿತ್ಸೆ ಮತ್ತು ಔಷಧಿ. ಕಾಯಿಲೆ ಲಘುವಾಗಿದ್ದರೆ ಅನೇಕರಿಗೆ ಮಾತಿನ ಚಿಕಿತ್ಸೆಯೇ ಸಾಕಾಗುತ್ತದೆ. ತೀವ್ರವಾಗಿದ್ದರೆ ಸಾಮಾನ್ಯವಾಗಿ ಎರಡೂ ಬೇಕಾಗುತ್ತವೆ. ನನಗೆ ಎರಡನ್ನೂ ಹೇಳಿದರು.

ಇಲ್ಲಿಯೇ ನಾನೊಂದು ತಪ್ಪು ಮಾಡಿದೆ. ತಲೆನೋವಿನ ಮಾತ್ರೆಯಂತೆ ಇದೂ ಒಂದು ಗಂಟೆಯಲ್ಲಿ ಗುಣ ತೋರಿಸುವುದೆಂದು ನಂಬಿದ್ದೆ. ಹತ್ತು ದಿನವಾದರೂ ಬಂದದ್ದು ವಾಕರಿಕೆ ಮಾತ್ರ. ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿ, ನನ್ನ ಪಾಲಿಗೆ ಮದ್ದೇ ಇಲ್ಲವೆಂದು ನಿರ್ಧರಿಸಿದೆ. ಅವು ನನ್ನ ಬಾಳಿನ ಅತ್ಯಂತ ಕತ್ತಲೆಯ ದಿನಗಳು. ಅದೇ ಅಧ್ಯಾಪಕರು ಮತ್ತೆ ಕರೆದೊಯ್ದಾಗ ವೈದ್ಯರು ಬಯ್ಯಲಿಲ್ಲ. "ಗಿಡಕ್ಕೆ ನೀರು ಹಾಕಿದ ದಿನವೇ ಹೂ ಕೇಳಿದೆಯಲ್ಲ!" ಎಂದು ನಕ್ಕು, ವಿವರಿಸಿ ಹೇಳಿದರು. ಈ ಔಷಧಿಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಆರು ವಾರ ಹಿಡಿಯುತ್ತದೆ. ವಾಕರಿಕೆಯಂಥ ತೊಂದರೆಗಳು ಮೊದಲೇ ಬಂದು ಬಹುಮಟ್ಟಿಗೆ ತಾವಾಗಿಯೇ ತಗ್ಗುತ್ತವೆ. ಒಂದು ಮದ್ದು ಒಗ್ಗದಿದ್ದರೆ ಇನ್ನೊಂದುಂಟು. ಆರಂಭದ ವಾರಗಳಲ್ಲಿ, ವಿಶೇಷವಾಗಿ ನಮ್ಮ ವಯಸ್ಸಿನವರಲ್ಲಿ, ಚಡಪಡಿಕೆಯಾಗಲಿ ಸಾವಿನ ಯೋಚನೆಯಾಗಲಿ ಹೆಚ್ಚಿದರೆ ಕೂಡಲೇ ತಿಳಿಸಬೇಕು. ಗುಣವಾದ ಮೇಲೂ ಸುಮಾರು ಆರು ತಿಂಗಳಾದರೂ ಮುಂದುವರಿಸಿ, ವೈದ್ಯರ ಸಲಹೆಯಂತೆ ಮೆಲ್ಲಗೆ ಇಳಿಸಬೇಕು. ಇವು ಮದ್ಯದಂತೆ ಚಟ ಹಿಡಿಸುವ ವಸ್ತುಗಳಲ್ಲ.

ಮಾತಿನ ಚಿಕಿತ್ಸೆಯೆಂದರೆ ಉಪದೇಶವಲ್ಲ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಮನಶ್ಶಾಸ್ತ್ರಜ್ಞರೊಡನೆ ಕೂರುತ್ತಿದ್ದೆ. ಮನಸ್ಸಿಗೆ ಬಂದ ಯೋಚನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ತರಲು ಹೇಳಿದರು. "ಒಂದು ಪತ್ರಿಕೆಯಲ್ಲಿ ನಪಾಸಾದೆ, ಆದುದರಿಂದ ನಾನು ಕೆಲಸಕ್ಕೆ ಬಾರದವನು" ಎಂದು ಬರೆದಿದ್ದೆ. "ಇದೇ ಮಾತನ್ನು ನಿಮ್ಮ ಗೆಳೆಯನಿಗೆ ಹೇಳುವಿರಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ದಿನವೂ ಒಂದು ಸಣ್ಣ ಕೆಲಸ ಮಾಡಬೇಕೆಂಬುದು ಇನ್ನೊಂದು ಪಾಠ. ಮೊದಲ ವಾರದ ಕೆಲಸ, ಸಂಜೆ ಕೆರೆಯ ಏರಿಯವರೆಗೆ ನಡೆದು ಬರುವುದು. ಮನಸ್ಸು ಬಂದ ಮೇಲೆ ನಡೆಯುವುದಲ್ಲ, ನಡೆದರೆ ಮನಸ್ಸು ಬರುತ್ತದೆಯೆಂದು ಅಲ್ಲಿ ಕಲಿತೆ.

ಆರನೆಯ ವಾರದಲ್ಲೊಂದು ಬೆಳಿಗ್ಗೆ ಹಾಸ್ಟೆಲಿನ ಉಪ್ಪಿಟ್ಟು ರುಚಿಯಾಗಿದೆಯೆಂದು ಅನ್ನಿಸಿತು. ನಗಬೇಡಿ, ನನ್ನ ಪಾಲಿಗೆ ಗುಣದ ಮೊದಲ ಗುರುತು ಅದೇ. ಅನಂತರವೂ ಕೆಟ್ಟ ದಿನಗಳು ಬಂದುವು. ಆದರೆ ಅವುಗಳ ನಡುವಿನ ಅಂತರ ಹೆಚ್ಚುತ್ತ ಹೋಯಿತು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಖಿನ್ನತೆಯಿರುವ ನೂರು ಮಂದಿಯಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ದಾರಿಗಳೇನೋ ಇವೆ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಚಿಕಿತ್ಸೆ ಪಡೆಯುವ ಹಕ್ಕನ್ನೂ, ಅದರ ವಿವರಗಳು ಗೋಪ್ಯವಾಗಿರಬೇಕೆಂಬ ಹಕ್ಕನ್ನೂ ಕೊಟ್ಟಿದೆ.

ಅಪ್ಪ ಹೇಳಿದ ಗಾದೆ ಸುಳ್ಳಲ್ಲ; ಆದರೆ ಅದರ ಸ್ಥಳ ಬೇರೆ. ಚಿಕಿತ್ಸೆಗೆ ಹೋಗದೆ ತಾಳುವುದಲ್ಲ, ಚಿಕಿತ್ಸೆ ತೊಡಗಿದ ಮೇಲೆ ತಾಳಬೇಕು. ಸಹಪಾಠಿಗಳೇ, ನಿಮ್ಮ ಪಕ್ಕದ ಬೆಂಚು ನಾಲ್ಕಾರು ದಿನ ಬರಿದಾಗಿದ್ದರೆ, ಅಲ್ಲಿ ಕೂರುತ್ತಿದ್ದವನ ಕೋಣೆಯ ಬಾಗಿಲನ್ನು ಒಮ್ಮೆ ತಟ್ಟಿರಿ. ನನ್ನ ಬಾಗಿಲನ್ನು ಒಬ್ಬರು ತಟ್ಟಿದ್ದರಿಂದಲೇ ಈ ಲೇಖನವನ್ನು ಬರೆಯಲು ನಾನಿದ್ದೇನೆ.