ಚದುರಿದ ದಾಖಲೆಗಳ ಗುಂಪುಗಾರಿಕೆ

ಗ್ರಂಥಾಲಯಕ್ಕೆ ಪುಸ್ತಕಗಳು ಬಂದ ಕ್ರಮದಲ್ಲಿಯೇ ವಹಿಯಲ್ಲಿ ದಾಖಲಾಗುತ್ತವೆ. ಮೊದಲನೆಯ ಸಾಲಿನಲ್ಲಿ ಬೇಂದ್ರೆಯವರ ಕವನಸಂಗ್ರಹ, ಎರಡನೆಯದರಲ್ಲಿ ಕಾರಂತರ ಕಾದಂಬರಿ, ಮೂರನೆಯದರಲ್ಲಿ ಕುವೆಂಪು ಅವರ ನಾಟಕ, ನಾಲ್ಕನೆಯದರಲ್ಲಿ ಮತ್ತೆ ಬೇಂದ್ರೆ. ಆದರೆ ಓದುಗನಿಗೆ ಬೇಕಾದುದು ಬಂದ ಕ್ರಮವಲ್ಲ. ಬೇಂದ್ರೆಯವರ ಪುಸ್ತಕಗಳೆಲ್ಲ ಒಂದೆಡೆ ಕಾಣಬೇಕು. ಚದುರಿದ ಸಾಲುಗಳನ್ನು ಲೇಖಕರ ಹೆಸರಿನ ಕೆಳಗೆ ಒಟ್ಟುಗೂಡಿಸುವುದು ಗುಮಾಸ್ತನಿಗೆ ಬೇಸರದ ಕೆಲಸವೇ ಹೊರತು ಕಷ್ಟದ ಕೆಲಸವಲ್ಲ. ಅದನ್ನೇ ಗಣಕಯಂತ್ರದ ಒಂದು ಭಾಷೆಗೆ ಒಪ್ಪಿಸಿದಾಗ ಎಂತಹ ತೊಡಕು ಹುಟ್ಟಿತೆಂಬುದು ಸ್ವಾರಸ್ಯವಾದ ಕಥೆ.

ಎಕ್ಸ್‌ಎಂಎಲ್ ಎಂಬುದು ಮಾಹಿತಿಯನ್ನು ಬರೆದಿಡುವ ಒಂದು ಪದ್ಧತಿ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಸಂಸ್ಥೆಯು ಇದನ್ನು 1998ರ ಫೆಬ್ರವರಿಯಲ್ಲಿ ಅಂಗೀಕರಿಸಿತು. ಇಲ್ಲಿ ಪ್ರತಿಯೊಂದು ಸಂಗತಿಗೂ ಹಿಂದೆ ಮುಂದೆ ಹೆಸರಿನ ಚೀಟಿ ಅಂಟಿಸಿರುತ್ತದೆ. ‘ಲೇಖಕ’ ಎಂಬ ಎರಡು ಚೀಟಿಗಳ ನಡುವೆ ಲೇಖಕನ ಹೆಸರು. ‘ಪುಸ್ತಕ’ ಎಂಬ ಹೊರಚೀಟಿಗಳ ಒಳಗೆ ಲೇಖಕನೂ ಶೀರ್ಷಿಕೆಯೂ. ಹೀಗೆ ಚೀಟಿಗಳ ನಡುವೆ ಅಡಕವಾದ ಭಾಗಕ್ಕೆ ಎಲಿಮೆಂಟ್ ಎಂದು ಹೆಸರು. ಇಂತಹ ದಾಖಲೆಯನ್ನು ಬೇರೊಂದು ರೂಪಕ್ಕೆ ತಿರುಗಿಸಲು ಬರೆಯುವ ಸೂಚನಾಪತ್ರವೇ ಸ್ಟೈಲ್‌ಶೀಟ್. ಅದರ ಭಾಷೆ ಎಕ್ಸ್‌ಎಸ್‌ಎಲ್‌ಟಿ. ಮೊದಲ ಆವೃತ್ತಿ 1999ರ ನವೆಂಬರಿನದು.

ಆ ಆವೃತ್ತಿಯಲ್ಲಿ ಅಕಾರಾದಿಯಾಗಿ ಜೋಡಿಸುವ ಆಜ್ಞೆಯಿತ್ತು, ಗುಂಪುಗೂಡಿಸುವ ಆಜ್ಞೆ ಇರಲಿಲ್ಲ. ಗುಮಾಸ್ತನಂತೆ ಕಂಡ ಹೆಸರುಗಳನ್ನು ಒಂದು ಕಾಗದದಲ್ಲಿ ಗುರುತುಹಾಕಿಕೊಳ್ಳುತ್ತ ಹೋಗಬಾರದೇಕೆ ಎಂದು ವಾಚಕರು ಕೇಳಬಹುದು. ಈ ಭಾಷೆಯಲ್ಲಿ ಆ ದಾರಿ ಮುಚ್ಚಿದೆ. ಒಂದು ಚರಾಂಶಕ್ಕೆ ಒಮ್ಮೆ ಕೊಟ್ಟ ಬೆಲೆಯನ್ನು ಅದು ಇರುವವರೆಗೂ ಬದಲಿಸುವಂತಿಲ್ಲ. ಹೆಸರಿಗೆ ಚರಾಂಶ, ನಡತೆಯಲ್ಲಿ ಅಚರ! ಇದು ಭಾಷೆಯನ್ನು ರೂಪಿಸಿದವರ ಮರೆವಲ್ಲ. ಯಾವ ಎಲಿಮೆಂಟನ್ನು ಮೊದಲು ಪರಿಶೀಲಿಸಿದರೂ ಫಲ ಒಂದೇ ಆಗಿರಲೆಂಬುದೇ ಇದರ ಉದ್ದೇಶ.

ಉಳಿದ ದಾರಿಯೆಂದರೆ, ಪ್ರತಿಯೊಂದು ಪುಸ್ತಕವನ್ನೂ ಹೀಗೆ ಪ್ರಶ್ನಿಸುವುದು: ‘ನಿನ್ನ ಲೇಖಕನ ಹೆಸರು ನಿನಗಿಂತ ಹಿಂದೆ ಎಲ್ಲಿಯಾದರೂ ಬಂದಿದೆಯೆ?’ ಬಂದಿಲ್ಲವಾದರೆ ಆ ಪುಸ್ತಕವೇ ತನ್ನ ಗುಂಪಿನ ಮುಖ್ಯಸ್ಥ. ಉತ್ತರ ಸರಿಯಾಗಿಯೇ ಬರುತ್ತದೆ. ಆದರೆ ಎರಡನೆಯ ಪುಸ್ತಕವು ಒಂದನ್ನು, ಮೂರನೆಯದು ಎರಡನ್ನು, ನೂರನೆಯದು ತೊಂಬತ್ತೊಂಬತ್ತನ್ನು ಹಿಂದಿರುಗಿ ನೋಡಬೇಕು. ಲೇಖಕರೆಲ್ಲರೂ ಬೇರೆಬೇರೆಯಾಗಿದ್ದರೆ 100 ಪುಸ್ತಕಗಳಿಗೆ 4,950 ಹೋಲಿಕೆಗಳು. 10,000 ಪುಸ್ತಕಗಳಿಗೋ 4,99,95,000! ಪುಸ್ತಕಗಳು ನೂರು ಪಟ್ಟು ಹೆಚ್ಚಿದರೆ ದುಡಿಮೆ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚುತ್ತದೆ. ಶಾಲೆಯ ಕಪಾಟಿಗೆ ಸಾಕಾದ ಉಪಾಯವು ದೊಡ್ಡ ಗ್ರಂಥಾಲಯದಲ್ಲಿ ಸೋಲುವುದು ಹೀಗೆ.

ಪರಿಹಾರವು ಆ ಭಾಷೆಯಲ್ಲಿಯೇ ಅಡಗಿತ್ತು. ಒರೇಕಲ್ ಸಂಸ್ಥೆಯಲ್ಲಿದ್ದ ಸ್ಟೀವ್ ಮ್ಯೂಂಕ್ ಎಂಬವರು ಅದನ್ನು ಬೆಳಕಿಗೆ ತಂದುದರಿಂದ ಅದಕ್ಕೆ ಮ್ಯೂಂಕಿಯನ್ ವಿಧಾನವೆಂದೇ ಹೆಸರಾಯಿತು. ಭಾಷೆಯಲ್ಲಿ ‘ಕೀ’ ಎಂಬ ಸೌಲಭ್ಯವೊಂದುಂಟು. ಅದು ಪುಸ್ತಕದ ಕೊನೆಯ ಅಕಾರಾದಿ ಸೂಚಿಯಂತೆ. ಹೆಸರನ್ನು ಕೊಟ್ಟರೆ ಆ ಹೆಸರುಳ್ಳ ಎಲಿಮೆಂಟುಗಳೆಲ್ಲವೂ ದಾಖಲೆಯಲ್ಲಿರುವ ಕ್ರಮದಲ್ಲಿಯೇ ಕೈಗೆ ಬರುತ್ತವೆ. ಪ್ರತಿ ಎಲಿಮೆಂಟಿಗೂ ಬೇರಾವುದಕ್ಕೂ ಇಲ್ಲದ ಗುರುತನ್ನು ಕೊಡುವ ಇನ್ನೊಂದು ಸೌಲಭ್ಯವೂ ಉಂಟು. ಮ್ಯೂಂಕ್ ವಿಧಾನದಲ್ಲಿ ಇವೆರಡೂ ಕೂಡುತ್ತವೆ. ಪುಸ್ತಕವು ಈಗ ಹಿಂದಿರುಗಿ ನೋಡುವುದಿಲ್ಲ. ತನ್ನ ಲೇಖಕನ ಹೆಸರಿನಿಂದ ಸೂಚಿಯನ್ನು ತೆರೆಯುತ್ತದೆ, ಬಂದವುಗಳಲ್ಲಿ ಮೊದಲನೆಯದರ ಗುರುತನ್ನು ತನ್ನ ಗುರುತಿನೊಡನೆ ಹೋಲಿಸುತ್ತದೆ. ಎರಡೂ ಒಂದೇ ಆದರೆ ತಾನೇ ಮುಖ್ಯಸ್ಥ. ಸೂಚಿಯಿಂದ ಬಂದವೆಲ್ಲ ತನ್ನ ಗುಂಪು. ಒಂದೇ ಬಾರಿ ದಾಖಲೆಯನ್ನು ಓದಿ ಸೂಚಿಯನ್ನು ಕಟ್ಟಿಕೊಂಡರೆ ಉಳಿದುದು ಪುಸ್ತಕಕ್ಕೊಂದರಂತೆ 10,000 ಹೋಲಿಕೆ. ಐದು ಕೋಟಿಯೆಲ್ಲಿ, ಹತ್ತು ಸಾವಿರವೆಲ್ಲಿ! ಈ ಎರಡು ಸಾಧನಗಳಲ್ಲಿ ಯಾವುದರ ಹೆಸರಿನಲ್ಲಿಯೂ ಗುಂಪೆಂಬ ಸುಳಿವಿಲ್ಲವೆಂಬುದೇ ಇದರ ಸೊಗಸು.

ಮೈಕೇಲ್ ಕೇ ಅವರ ಸಂಪಾದಕತ್ವದಲ್ಲಿ 2007ರ ಜನವರಿಯಲ್ಲಿ ಹೊರಬಂದ ಎರಡನೆಯ ಆವೃತ್ತಿಯು ಗುಂಪುಗೂಡಿಸುವ ನೇರ ಆಜ್ಞೆಯನ್ನೇ ಒದಗಿಸಿತು. ಈಗ ‘ಲೇಖಕನಿಗೆ ಅನುಸಾರವಾಗಿ’ ಎಂದು ಹೇಳಿದರೆ ಸಾಕು. ಹೆಸರು ಸಮಾನವಲ್ಲದ ಕಡೆಯೂ ಅದು ಉಪಯುಕ್ತ. ಶೀರ್ಷಿಕೆಯೊಂದರ ಹಿಂದೆ ಹಲವು ಪರಿಚ್ಛೇದಗಳು, ಆಮೇಲೆ ಮತ್ತೊಂದು ಶೀರ್ಷಿಕೆ ಎಂಬಂತಿರುವ ಬರಹವನ್ನು, ಪ್ರತಿ ಶೀರ್ಷಿಕೆಯಲ್ಲಿಯೂ ಹೊಸ ಗುಂಪು ತೊಡಗುವಂತೆ, ಅಧ್ಯಾಯಗಳಾಗಿ ವಿಂಗಡಿಸಬಹುದು. ಆದರೆ ಬ್ರೌಸರುಗಳು ತಮ್ಮೊಳಗೆ ಅಳವಡಿಸಿಕೊಂಡದ್ದು ಮೊದಲ ಆವೃತ್ತಿಯನ್ನು ಮಾತ್ರ. ಆದಕಾರಣ ಹಳೆಯ ಉಪಾಯಕ್ಕೂ ಕೆಲಸ ತಪ್ಪಲಿಲ್ಲ.

ಕನ್ನಡದ ದಾಖಲೆಗಳಲ್ಲಿ ಒಂದು ವಿಶೇಷ ಎಚ್ಚರ ಅಗತ್ಯ. ಯಂತ್ರವು ಅಕ್ಷರದ ರೂಪವನ್ನು ನೋಡುವುದಿಲ್ಲ, ಅದರ ಸಂಕೇತಸಂಖ್ಯೆಯನ್ನು ನೋಡುತ್ತದೆ. ಯೂನಿಕೋಡಿನಲ್ಲಿ ‘ಬೇ’ ಎಂಬುದರ ಏತ್ವವನ್ನು ಒಂದೇ ಸಂಕೇತದಿಂದ ಬರೆಯಬಹುದು. ಎತ್ವ, ಅದರ ಮುಂದೆ ದೀರ್ಘಚಿಹ್ನೆ ಎಂದು ಎರಡು ಸಂಕೇತಗಳಿಂದಲೂ ಬರೆಯಬಹುದು. ಕಣ್ಣಿಗೆ ಭೇದವಿಲ್ಲ, ಸಂಕೇತಗಳನ್ನು ಇದ್ದಂತೆಯೇ ಹೋಲಿಸುವ ಯಂತ್ರಕ್ಕೆ ಬೇಂದ್ರೆಯವರು ಇಬ್ಬರು! ಇವನ್ನು ಏಕರೂಪಕ್ಕೆ ತರುವ ಸಾಧನವು ಎರಡನೆಯ ಆವೃತ್ತಿಯಲ್ಲಿದೆ; ಗುಂಪುಗೂಡಿಸುವ ಮೊದಲೇ ಅದನ್ನು ಬಳಸಬೇಕು. ಬೇಂದ್ರೆ ಎಂದೂ ಅಂಬಿಕಾತನಯದತ್ತ ಎಂದೂ ಎರಡು ಕಡೆ ದಾಖಲಾದವರು ಒಬ್ಬರೇ ಎಂಬುದು ಮಾತ್ರ ಯಾವ ಸಂಕೇತದಿಂದಲೂ ತಿಳಿಯತಕ್ಕದ್ದಲ್ಲ. ಅದನ್ನು ಗ್ರಂಥಪಾಲಕನೇ ದಾಖಲೆಯಲ್ಲಿ ಬರೆದುಕೊಡಬೇಕು.